ಆರೋಪಿಯ ಪಕ್ಷದಲ್ಲಿ ನಿಂತ ಅಧ್ಯಾಪಕ

ಅಧ್ಯಾಪಕನಾದವನು ತನ್ನ ವಿದ್ಯೆಯನ್ನು ಪಾಠಶಾಲೆಯ ಹೊರಗೆ ಎಷ್ಟು ದೂರ ಕೊಂಡೊಯ್ಯಬೇಕೆಂಬುದು ಹಳೆಯ ಚರ್ಚೆ. ಅಮೆರಿಕದ ನ್ಯಾಯಶಾಸ್ತ್ರ ಪ್ರಾಧ್ಯಾಪಕ ಆಂಟನಿ ಆಮ್‌ಸ್ಟರ್‌ಡ್ಯಾಮ್ ಅವರ ಕಾಯಕವು ಆ ಚರ್ಚೆಗೆ ನೇರವಾದ ಉತ್ತರವಾಗಿದೆ.

1960ರ ದಶಕದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನಾಂಗದ ತರುಣರು ಸಮಾನತೆಗಾಗಿ ಬೀದಿಗಿಳಿದರು. ಪ್ರತಿಭಟನೆಯನ್ನೇ ನಿಷೇಧಿಸಲು ಆ ದೇಶದ ಸಂವಿಧಾನವು ಅವಕಾಶ ಕೊಡದು. ಆದುದರಿಂದ ಅಧಿಕಾರಿಗಳು ಅತಿಕ್ರಮ ಪ್ರವೇಶ, ಶಾಂತಿಭಂಗ, ರಸ್ತೆಗೆ ಅಡ್ಡಿ ಎಂಬ ಸಾಮಾನ್ಯ ಆರೋಪಗಳನ್ನು ಹೊರಿಸಿ ಅವರನ್ನು ಸೆರೆಗೆ ತಳ್ಳಿದರು. ಮೇಲಿನ ನ್ಯಾಯಾಲಯದಲ್ಲಿ ಎಂದೋ ಬಿಡುಗಡೆ ದೊರೆತೀತು. ಅಷ್ಟರೊಳಗೆ ಜಾಮೀನು, ಸೆರೆವಾಸ, ಅಲೆದಾಟಗಳಲ್ಲಿ ಚಳವಳಿಯೇ ಸೊರಗಿರುತ್ತದೆ. ಇಲ್ಲಿ ವಿಚಾರಣೆಯೇ ಶಿಕ್ಷೆ. ಆಗ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ಆಮ್‌ಸ್ಟರ್‌ಡ್ಯಾಮ್ ಈ ಸೂಕ್ಷ್ಮವನ್ನು ಕಂಡರು. 1866ರ ಪೌರಹಕ್ಕು ಕಾಯಿದೆಯ ಬಳಕೆ ತಪ್ಪಿದ್ದ ವಿಧಿಯನ್ನು ಆಧರಿಸಿ, ಇಂಥ ಮೊಕದ್ದಮೆಗಳನ್ನು ಮೊದಲಿನಲ್ಲಿಯೇ ರಾಜ್ಯದಿಂದ ಕೇಂದ್ರ ನ್ಯಾಯಾಲಯಕ್ಕೆ ವರ್ಗಾಯಿಸಬಹುದೆಂದು 1965ರ ಸುದೀರ್ಘ ಪ್ರಬಂಧದಲ್ಲಿ ವಾದಿಸಿದರು. ಮರುವರ್ಷ ಸರ್ವೋಚ್ಚ ನ್ಯಾಯಾಲಯವು ಉಪಾಹಾರಗೃಹಗಳಲ್ಲಿ ಸಮಾನ ಸೇವೆ ಕೇಳಿದವರಿಗೆ ಆ ಬಾಗಿಲನ್ನು ತೆರೆಯಿತು. ಮಿಸಿಸಿಪ್ಪಿಯ ಗ್ರೀನ್‌ವುಡ್‌ನಲ್ಲಿ ಮತದಾರರ ನೋಂದಣಿಗೆ ದುಡಿದವರಿಗೆ ಮಾತ್ರ ಅದೇ ದಿನ, ಒಂದೇ ಮತದ ಅಂತರದಿಂದ, ಅದನ್ನು ಮುಚ್ಚಿತು. ಈ ಭೇದ ನ್ಯಾಯವೆನಿಸದು. ಉಪಾಹಾರದ ಹಕ್ಕಿಗಿಂತ ಮತದ ಹಕ್ಕು ಕಿರಿದಲ್ಲವಷ್ಟೆ.

1972ರ ಜೂನ್ 29ರಂದು ಅವರು ವಾದಿಸಿದ್ದ ಎರಡು ಮೊಕದ್ದಮೆಗಳ ತೀರ್ಪು ಒಟ್ಟಿಗೇ ಹೊರಬಿದ್ದಿತು. ಕಪ್ಪು ಚಿರತೆಗಳ ಪಕ್ಷದ ವರದಿ ಮಾಡುತ್ತಿದ್ದ ಪತ್ರಕರ್ತ ಅರ್ಲ್ ಕಾಲ್ಡ್‌ವೆಲ್ ಅವರ ಪರವಾದ ವಾದ ಸೋತಿತು. ಫರ್ಮನ್ ಮೊಕದ್ದಮೆ ಗೆದ್ದಿತು; ಅಂದಿನ ಮರಣದಂಡನೆಯ ಪದ್ಧತಿ ಅಸಾಂವಿಧಾನಿಕವೆನಿಸಿ ಆರು ನೂರಕ್ಕೂ ಹೆಚ್ಚು ಕೈದಿಗಳು ಪ್ರಾಣ ಉಳಿಸಿಕೊಂಡರು. ಒಂಬತ್ತು ನ್ಯಾಯಮೂರ್ತಿಗಳೂ ಪ್ರತ್ಯೇಕ ಅಭಿಪ್ರಾಯಗಳನ್ನು ಬರೆದರು. ಅದೇ ವರ್ಷ ಜಗಮೋಹನ್ ಸಿಂಗ್ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪನ್ನು ಪರಿಶೀಲಿಸಿತು, ಆದರೆ ಅನುಸರಿಸಲಿಲ್ಲ.

ಕೊಲೆಗಡುಕರ ಪರ ನಿಲ್ಲುವುದು ಗುರುಸ್ಥಾನಕ್ಕೆ ತಕ್ಕುದೇ ಎಂದು ಕೇಳುವವರುಂಟು. ಫರ್ಮನ್ ಮೊಕದ್ದಮೆಯಲ್ಲಿ ಕೊಲೆಯನ್ನು ಯಾರೂ ಸಮರ್ಥಿಸಲಿಲ್ಲ. ಸಮಾನ ಅಪರಾಧಿಗಳಲ್ಲಿ ಕೆಲವರನ್ನು ಮಾತ್ರ, ಅದರಲ್ಲಿಯೂ ಬಡವರನ್ನು, ಕಪ್ಪು ಜನಾಂಗದವರನ್ನು ಆಯ್ದು ಕೊಲ್ಲುವ ಅಧಿಕಾರ ಸರ್ಕಾರಕ್ಕಿದೆಯೇ ಎಂಬುದು ಅಲ್ಲಿಯ ಪ್ರಶ್ನೆ. ಅದನ್ನು ಕೇಳಲು ಶಾಸ್ತ್ರ ಬಲ್ಲವನೇ ಬೇಕು; ಬಲ್ಲವನು ಸುಮ್ಮನಿದ್ದರೆ ಆರೋಪಿಯ ಬಾಯಿ ಕಟ್ಟಿದಂತೆಯೇ.

ಗೆಲವು ಬಹುಕಾಲ ನಿಲ್ಲಲಿಲ್ಲ. 1976ರಲ್ಲಿ ಅದೇ ನ್ಯಾಯಾಲಯವು ಹೊಸ ಕಾಯಿದೆಗಳ ಅಡಿಯಲ್ಲಿ ಮರಣದಂಡನೆಗೆ ಮತ್ತೆ ಒಪ್ಪಿಗೆ ಕೊಟ್ಟಿತು. ಆಮ್‌ಸ್ಟರ್‌ಡ್ಯಾಮ್ ವಾದವನ್ನೂ ಬಿಡಲಿಲ್ಲ, ಪಾಠವನ್ನೂ ಬಿಡಲಿಲ್ಲ. 1981ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಹೋಗಿ, ವಿದ್ಯಾರ್ಥಿಗಳು ನಿಜವಾದ ಕಕ್ಷಿದಾರರ ಮೊಕದ್ದಮೆಗಳಲ್ಲಿ ಕೈಯಾರೆ ದುಡಿದು ವಕೀಲಿ ಕಲಿಯುವ ಶಿಕ್ಷಣಕ್ರಮವನ್ನು ಬೆಳೆಸಿದರು.