ಶಾಲೆಯಲ್ಲಿ ಮಕ್ಕಳ ಗಾಯನ ತಂಡ

ಸಂಬಳ, ಬೋನಸು, ಪಾಳಿಯ ಹೊತ್ತು ಇವನ್ನೆಲ್ಲ ಬಿಟ್ಟು ಸಂಘದ ಪತ್ರಿಕೆ ಈ ಸಲ ಹಾಡಿನ ವಿಷಯ ಎತ್ತಿಕೊಂಡಿತೇ ಎಂದು ಕೆಲವು ಬಂಧುಗಳು ನಗಬಹುದು. ನಗಲಿ, ಆದರೆ ಓದಿ ಮುಗಿಸಿ ನಗಲಿ. ಅಂಬರನಾಥದಲ್ಲಿ ನಮ್ಮ ಮಕ್ಕಳು ಕಲಿಯುವ ಒಂದು ಶಾಲೆಯಲ್ಲಾದರೂ ಈ ವರ್ಷ ವಿದ್ಯಾರ್ಥಿಗಳ ಗಾಯನ ತಂಡವೊಂದು ಆರಂಭವಾಗಬೇಕು, ಅದಕ್ಕೆ ಸಂಘವು ಹೆಗಲು ಕೊಡಬೇಕು ಎಂಬುದು ನಮ್ಮ ಸೂಚನೆ.

ಕಾರಣ ಹೇಳುತ್ತೇವೆ. 1982ರ ಮುಷ್ಕರದ ತರುವಾಯ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಪರೇಳ, ಲಾಲಬಾಗದ ಖೋಲಿ ಬಿಟ್ಟವರು ಬಾಡಿಗೆ ಅಗ್ಗವೆಂದು ಈಚೆಗೆ ಬಂದರು. ಹೋಟೆಲಿನ ನಮ್ಮವರೂ ಸಂಸಾರ ತಂದು ಇಲ್ಲೇ ಬಿಡಾರ ಹೂಡಿದರು. ಮಕ್ಕಳು ಮರಾಠಿ ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋಗುತ್ತಾರೆ. ಅದು ತಪ್ಪಲ್ಲ, ಅನ್ನದ ದಾರಿ. ಆದರೆ ತಂದೆ ಓದಿ ಕೆಳಗಿಟ್ಟ ಈ ಪತ್ರಿಕೆಯನ್ನು ಮಗ ಎತ್ತಿಕೊಂಡು, ಚಿತ್ರವಷ್ಟೇ ನೋಡಿ ಮಡಚಿಡುತ್ತಾನೆ. ಅವನಿಗೆ ಅಕ್ಷರ ಬರುವುದಿಲ್ಲ. ಬರಬರುತ್ತ ಉಚ್ಚಾರವೂ ಜಾರುತ್ತದೆ. ಮರಾಠಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳ ಭೇದವಿಲ್ಲ. ಹಾಗಾಗಿ ನಮ್ಮ ಮಕ್ಕಳ ಬಾಯಲ್ಲಿ ‘ಕೊಡು’ ಹೋಗಿ ‘ಕೋಡು’ ಆಗುತ್ತದೆ.

ಅಕ್ಷರ ಬಾರದ ಬಾಯಿಗೂ ಹಾಡು ಹತ್ತುತ್ತದೆ. ತಾಳ ತಪ್ಪದೆ ಹಾಡಬೇಕಾದರೆ ಹ್ರಸ್ವವನ್ನು ಹ್ರಸ್ವವಾಗಿ, ದೀರ್ಘವನ್ನು ದೀರ್ಘವಾಗಿ ಹೇಳಲೇಬೇಕು. ಎಂಟು ಸಾಲಿನ ಒಂದು ಪದ ಬಾಯಿಪಾಠವಾದರೆ ಎಂಟು ಸಾಲು ಶುದ್ಧ ಕನ್ನಡ ಆ ಮಗುವಿನಲ್ಲಿ ಉಳಿಯಿತೆಂದೇ ಲೆಕ್ಕ.

‘ಹಾಡು ಹೊಟ್ಟೆ ತುಂಬಿಸುವುದೇ?’ ಎಂದು ಕೇಳುವವರಿದ್ದಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ವಿಷಯವನ್ನು ನಮ್ಮ ಉತ್ತರ ಕರ್ನಾಟಕದ ಬಂಧುಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು (1892–1944) ಅಂಧರನ್ನೂ ಬಡವರ ಮಕ್ಕಳನ್ನೂ ಕೂಡಿಸಿಕೊಂಡು ಊರೂರು ತಿರುಗಿ ಸಂಗೀತ ಕಲಿಸಿದರು. ಖರ್ಚು ತೂಗಿಸಲು ನಾಟಕ ಕಂಪನಿ ಕಟ್ಟಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010), ಅವರೂ ಅಂಧರೇ, ಅದೇ ದಾರಿಯನ್ನು ಜೀವಮಾನವೆಲ್ಲ ನಡೆಸಿದರು. ಲಾಹೋರಿನಲ್ಲಿ 1901ರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಗಾಂಧರ್ವ ಮಹಾವಿದ್ಯಾಲಯ ತೆರೆದದ್ದೂ ಜನರ ವಂತಿಗೆಯ ಬಲದಿಂದ. ಸಂಗೀತ ಸಾಹುಕಾರರ ಸೊತ್ತು ಎಂಬ ಭ್ರಮೆ ಬೇಡ. ಅಂಕದ ಲೆಕ್ಕವೇ ಬೇಕೆಂದರೆ ಅದೂ ಉಂಟು: ಶಾಸ್ತ್ರೀಯ ಸಂಗೀತದ ಮಾನ್ಯ ಪರೀಕ್ಷೆಗಳಲ್ಲಿ ತೇರ್ಗಡೆಯಾದವರಿಗೆ ಎಸ್.ಎಸ್.ಸಿ.ಯಲ್ಲಿ ಹೆಚ್ಚಿನ ಅಂಕ ಕೊಡುವ ನಿಯಮ ಮಹಾರಾಷ್ಟ್ರದಲ್ಲಿದೆ.

ಆದರೆ ನಮ್ಮ ದೃಷ್ಟಿಯಲ್ಲಿ ದೊಡ್ಡ ಲಾಭ ಬೇರೆ. ಇಪ್ಪತ್ತು ಮಕ್ಕಳು ಕೂಡಿ ಹಾಡುವಾಗ ಯಾರೂ ಮುಂದೆ ಓಡುವಂತಿಲ್ಲ, ಯಾರೂ ಹಿಂದೆ ಉಳಿಯುವಂತಿಲ್ಲ. ಪಕ್ಕದವನ ಧ್ವನಿ ಕೇಳಿಸಿಕೊಂಡು ತನ್ನ ಧ್ವನಿ ಎತ್ತಬೇಕು. ಸಂಘಟನೆಯ ಮೊದಲ ಪಾಠ ಇದಲ್ಲದೆ ಇನ್ನೇನು? 1940ರ ದಶಕದಲ್ಲಿ ಅಣ್ಣಾಭಾವು ಸಾಠೆ, ಅಮರ ಶೇಖ, ಗವಾಣಕರರು ‘ಲಾಲ ಬಾವಟಾ ಕಲಾಪಥಕ’ ಕಟ್ಟಿ ಗಿರಣಿಯ ಜನರ ನಡುವೆ ಹಾಡಿದ್ದು ಹಳಬರಿಗೆ ಗೊತ್ತು.

ಇನ್ನು ಕೆಲಸದ ಮಾತು. ಮೊದಲು ಮುಖ್ಯೋಪಾಧ್ಯಾಯರನ್ನು ಕಂಡು ವಾರಕ್ಕೆ ಒಂದು ಗಂಟೆ, ಒಂದು ಕೋಣೆ ಕೇಳಬೇಕು. ಶನಿವಾರ ಶಾಲೆ ಬಿಟ್ಟ ಮೇಲಿನ ಹೊತ್ತು ಒಳ್ಳೆಯದು. ತಂಡ ನಮ್ಮವರಿಗೆ ಮಾತ್ರ ಎನ್ನಬಾರದು. ಮರಾಠಿ ಮಕ್ಕಳೂ ಬರಲಿ, ಅವರ ಅಭಂಗವನ್ನು ನಮ್ಮ ಮಕ್ಕಳು ಕಲಿಯಲಿ, ನಮ್ಮ ದಾಸರ ಪದವನ್ನು ಅವರು ಕಲಿಯಲಿ. ಪಂಢರಪುರದ ವಿಠಲನನ್ನು ಪುರಂದರದಾಸರೂ ಹಾಡಿದರು, ವಾರಕರಿಗಳೂ ಹಾಡಿದರು. ಹೀಗೆ ಕೇಳಿದರೆ ಯಾವ ಗುರುಗಳೂ ಬಾಗಿಲು ಹಾಕಲಾರರು.

ಮೊದಲ ಎರಡು ತಿಂಗಳು ಚಪ್ಪಾಳೆಯೇ ವಾದ್ಯವಾಗಲಿ. ಆಮೇಲೆ ಹಳೆಯದಾದರೂ ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ ಸಾಕು. ಯಕ್ಷಗಾನದಲ್ಲಿ ಮದ್ದಳೆ ಬಾರಿಸುವವರು, ಭಜನೆಯಲ್ಲಿ ತಾಳ ಹಿಡಿಯುವವರು, ಊರಲ್ಲಿ ಗೀಗೀ ಪದ ಹಾಡಿದವರು ನಮ್ಮೊಳಗೇ ಇದ್ದಾರೆ. ಕರಾವಳಿಯ ಹಾಡೋ ಬಯಲುಸೀಮೆಯ ಹಾಡೋ ಎಂದು ಹಿರಿಯರು ಜಗಳ ತೆಗೆಯಬಾರದು. ಒಂದು ಕೀರ್ತನೆ, ಒಂದು ವಚನ, ಒಂದು ಜನಪದ ಹಾಡು, ಒಂದು ಅಭಂಗ: ಮೊದಲ ವರ್ಷಕ್ಕೆ ಇಷ್ಟು ಧಾರಾಳವಾಯಿತು.

ಎರಡು ಮಾತು ಕಟ್ಟುನಿಟ್ಟು. ಸ್ವರ ಕೂಡದ ಮಗುವನ್ನು ಹೊರಗೆ ಕಳಿಸಕೂಡದು, ಅದರ ಕೈಗೆ ತಾಳ ಕೊಡಬೇಕು. ಹೆಣ್ಣುಮಕ್ಕಳನ್ನು ಪಾತ್ರೆ ತಿಕ್ಕುವ ನೆವದಿಂದ ಮನೆಯಲ್ಲಿ ತಡೆಯಕೂಡದು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ ಎಳೆಯ ಹುಡುಗಿಯೇ ಮುಂದೆ ಗಂಗೂಬಾಯಿ ಹಾನಗಲ್ಲರಾಗಿ ನಾಡಿಗೆ ಹೆಸರು ತಂದರು.

ಹಣದ ಮಾತಿಗೆ ಹೆದರಬೇಕಿಲ್ಲ. ಒಬ್ಬೊಬ್ಬ ಸದಸ್ಯರು ವಾರಕ್ಕೆ ಒಂದು ಚಹದ ಬೆಲೆ ಕೊಟ್ಟರೆ ವಾದ್ಯವೂ ಬರುತ್ತದೆ, ಕಲಿಸುವವರಿಗೆ ರೈಲಿನ ಖರ್ಚೂ ಹುಟ್ಟುತ್ತದೆ. ಜಮಾ-ಖರ್ಚು ಪ್ರತಿ ತಿಂಗಳು ಈ ಪತ್ರಿಕೆಯಲ್ಲಿ ಅಚ್ಚಾಗತಕ್ಕದ್ದು.

1060ರಲ್ಲಿ ಶಿಲಾಹಾರರು ಕಟ್ಟಿಸಿದ ಶಿವಾಲಯ ನಮ್ಮ ಊರಿನಲ್ಲಿದೆ ಎಂದು ನಾವು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತೇವೆ. ಕಲ್ಲು ತನ್ನಷ್ಟಕ್ಕೆ ಸಾವಿರ ವರ್ಷ ನಿಲ್ಲಬಲ್ಲದು. ಮಾತು ಹಾಗಲ್ಲ, ಒಂದು ತಲೆಮಾರು ಸುಮ್ಮನಿದ್ದರೆ ಹೋಯಿತು.

ಕಲಿಸಬಲ್ಲವರು, ಹಳೆಯ ವಾದ್ಯ ಕೊಡಬಲ್ಲವರು, ಮಕ್ಕಳನ್ನು ಕಳಿಸುವವರು ತಮ್ಮ ವಾರದ ರಜೆಯ ದಿನ ಸಂಘದ ಕಚೇರಿಗೆ ಬಂದು ಹೆಸರು ಬರೆಸಬೇಕು. ಮಕ್ಕಳ ಮೊದಲ ಕಾರ್ಯಕ್ರಮದ ದಿನ ಭಾಷಣ, ಹಾರ, ಶಾಲು ಯಾವುದೂ ಇರುವುದಿಲ್ಲ ಎಂದು ಪದಾಧಿಕಾರಿಗಳಿಗೂ ಈಗಲೇ ತಿಳಿಸಿಬಿಡುತ್ತೇವೆ. ಅವರು ಮುಂದಿನ ಸಾಲಿನಲ್ಲಿ ಕೂತು ಹಾಡು ಕೇಳಿದರೆ ಸಾಕು.