ರವದಿಯನ್ನು ಸುಡುವ ಬದಲು

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ ನಮ್ಮ ಕಡೆ ರವದಿ ಎನ್ನುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಲೋಕಾಪುರದಿಂದ ಮುಧೋಳ, ಜಮಖಂಡಿಗಳತ್ತ ಸಂಜೆ ಪಯಣಿಸಿದವರಿಗೆ ಅದರ ಹೊಗೆ ಪರಿಚಿತವೇ. ಎಕರೆಗೆ ಸುಮಾರು 3ರಿಂದ 4 ಟನ್ ಬೀಳುವ ಈ ರವದಿ ಒಂದೇ ಕಡ್ಡಿಗೆ ಬೂದಿಯಾಗುತ್ತದೆ. ಅದರಲ್ಲಿ ಒಂದು ಪಾಲನ್ನಾದರೂ ಹಿತ್ತಲಿಗೆ ತಂದು ಮೂಲಂಗಿ, ಗಜ್ಜರಿ ಬೆಳೆಯಬಾರದೇಕೆ ಎಂಬುದು ನನ್ನ ಪ್ರಶ್ನೆ.

ಹುಲ್ಲಿನ ಪೆಂಡಿಯನ್ನೇ ಮಡಿಯಾಗಿಸಿ ತರಕಾರಿ ಬೆಳೆಯುವ ವಿಧಾನವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಮಿನ್ನೆಸೋಟಾ ರಾಜ್ಯದ ಜೋಯೆಲ್ ಕಾರ್ಸ್ಟನ್. ಬಿಗಿಯಾಗಿ ಕಟ್ಟಿದ ಪೆಂಡಿಗೆ ಹತ್ತು ಹನ್ನೆರಡು ದಿನ ನೀರು ಮತ್ತು ಸಾರಜನಕ ಗೊಬ್ಬರ ಉಣಿಸಿದರೆ ಸೂಕ್ಷ್ಮಜೀವಿಗಳು ಹೆಚ್ಚಿ, ಒಳಗೆ ಶಾಖವೇಳುತ್ತದೆ. ಅದು ಇಳಿದ ಬಳಿಕ ಪೆಂಡಿ ಬಿತ್ತನೆಗೆ ಸಿದ್ಧ.

ಇದನ್ನು ಹಾಗೆಯೇ ಅನುಕರಿಸುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಜೋಳದ ಕಣಿಕೆ ದನಗಳ ಅನ್ನ. ಬಣವೆಯಿಂದ ಅದನ್ನು ಕಿತ್ತು ಮೂಲಂಗಿಯ ಬುಡಕ್ಕೆ ಹಾಕುವುದು ಅನ್ಯಾಯ. ರವದಿಯನ್ನಾದರೋ ನಾವು ಸುಡುತ್ತಲೇ ಇದ್ದೇವೆ.

ಇನ್ನು ನೆಲದ ವಿಚಾರ. ಎರೆಭೂಮಿ ಬಿಳಿಜೋಳ, ಕಡಲೆಗಳಿಗೆ ತಾಯಿಯಿದ್ದಂತೆ. ಗಜ್ಜರಿಗೆ ಮಾತ್ರ ಅಷ್ಟು ಒಲಿಯದು. ತೊಯ್ದಾಗ ಉಬ್ಬಿ, ಒಣಗಿದಾಗ ಬಿರಿಯುವ ಆ ಜಿಗುಟು ಮಣ್ಣಿನಲ್ಲಿ ಗಡ್ಡೆ ಕವಲೊಡೆಯುತ್ತದೆ. ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿದಲ್ಲಿ ಅಂತರ್ಜಲ ಮೇಲೇರಿ, ಲವಣವೂ ಅದರೊಡನೆ ಬಂದು ನೆಲ ಸವಳಾಗುತ್ತದೆ. ಪಶ್ಚಿಮ ಬಂಗಾಳದ ಸುಂದರಬನದ ಉಪ್ಪು ನೆಲದಲ್ಲಿ ಭತ್ತ ಕೊಯ್ದ ಮೇಲೆ ಉಳದೆಯೇ ಆಲೂಗಡ್ಡೆಯನ್ನಿಟ್ಟು, ಹುಲ್ಲನ್ನು ದಪ್ಪನಾಗಿ ಹೊದಿಸಿ ಬೆಳೆಯುತ್ತಿದ್ದಾರೆ. ಹೊದಿಕೆಯಿಂದ ತೇವ ಆರುವುದಿಲ್ಲ, ಉಪ್ಪು ಮೇಲೇರುವುದೂ ಕಡಿಮೆ. ಈ ಪಾಠ ನಮಗೂ ಸಲ್ಲುತ್ತದೆ.

ರವದಿ ಒರಟು, ನಿಧಾನವಾಗಿ ಕೊಳೆಯುವಂಥದು. ಆದ್ದರಿಂದ ಸಣ್ಣಗೆ ಕತ್ತರಿಸಿ, ಬಿಗಿಯಾಗಿ ಪೆಂಡಿ ಕಟ್ಟಿ, ಸಗಣಿ ರಾಡಿಯನ್ನೂ ಗೋಮೂತ್ರವನ್ನೂ ಹಾಕುತ್ತ, ಒಳಗೆ ಕೈಯಿಟ್ಟರೆ ಬಿಸಿ ತಾಗದಂತಾಗುವವರೆಗೆ ಕಾಯಬೇಕು. ನಂತರ ಮೇಲೆ ಗೇಣುದ್ದ ಆಳದ ಗಾಡಿಯನ್ನು ತೆಗೆದು, ಕಳಿತ ಗೊಬ್ಬರ ಮತ್ತು ಮರಳು ತುಂಬಿ ಬೀಜ ಹಾಕಬೇಕು. ಮೂಲಂಗಿ 40-50 ದಿನಗಳಲ್ಲಿ, ಗಜ್ಜರಿ ಮೂರು ತಿಂಗಳ ಆಸುಪಾಸಿನಲ್ಲಿ ಕೈಗೆ ಬರುತ್ತದೆ. ಸಾರಜನಕ ಅತಿಯಾದರೆ ಸೊಪ್ಪು ಮಾತ್ರ ಸೊಂಪಾಗಿ ಬೆಳೆದು ಗಡ್ಡೆ ಬಡವಾಗುತ್ತದೆ. ಕಬ್ಬಿನ ಕಟಾವೂ ಗಜ್ಜರಿಗೆ ಬೇಕಾದ ಚಳಿಗಾಲವೂ ಒಂದೇ ವೇಳೆಗೆ ಬರುವುದು ನಮ್ಮ ಅನುಕೂಲ. ಬೆಳೆ ತೆಗೆದ ಮೇಲೆ ಉಳಿದ ಪೆಂಡಿಯೂ ಗೊಬ್ಬರವೇ.

ನಾಲ್ಕು ಪೆಂಡಿಗಳಿಂದ ನಾಲ್ಕು ಟನ್ ರವದಿ ಮುಗಿಯದೆಂದು ಬಲ್ಲೆ. ಆಳಿನ ಕೂಲಿ ದುಬಾರಿ, ಕುಳೆ ಕಬ್ಬಿಗೆ ನೀರು ಹಾಯಿಸಲು ರವದಿ ಅಡ್ಡಿ ಎಂಬ ರೈತರ ಮಾತಿನಲ್ಲಿಯೂ ಹುರುಳಿದೆ. ಆದರೂ ಸಾಲು ಬಿಟ್ಟು ಸಾಲಿಗೆ ಹೊದಿಸಿದರೆ ನೀರಿಗೂ ದಾರಿಯಾಗುತ್ತದೆ, ನೆಲಕ್ಕೂ ಆಹಾರವಾಗುತ್ತದೆ. ಹಿತ್ತಲಿನ ಪೆಂಡಿಯ ಪ್ರಯೋಜನ ಬೇರೆ: ರವದಿ ಕೊಳೆತು ಮಣ್ಣಾಗುವುದನ್ನು ಮನೆಯ ಮಕ್ಕಳು ಕಣ್ಣಾರೆ ಕಾಣುತ್ತಾರೆ. ಹಾಗೆ ಕಂಡವರು ನಾಳೆ ಹೊಲಕ್ಕೆ ಕಡ್ಡಿ ಗೀರುವ ಮುನ್ನ ಯೋಚಿಸಿಯಾರೆಂದು ಹಳೆಯ ಮಾಸ್ತರನಾದ ನನ್ನ ನಂಬಿಕೆ. ಈ ಹಂಗಾಮಿನಲ್ಲಿ ಎರಡೇ ಎರಡು ಪೆಂಡಿಗಳಿಂದ ಆರಂಭಿಸಿರಿ.