ಮೂರು ಹುಲಿ, ಹದಿನೈದು ಕುರಿ

ಹಂಪೆಯನ್ನು ನೋಡಲು ಹೋದವರ ಕಣ್ಣು ಸಾಮಾನ್ಯವಾಗಿ ಮೇಲಕ್ಕೇ ಹೋಗುತ್ತದೆ. ಗೋಪುರ, ಕಂಬ, ಬೋದಿಗೆಗಳ ಸೊಬಗಿನಲ್ಲಿ ಕಾಲ ಕೆಳಗಿನ ಹಾಸುಗಲ್ಲು ಮರೆತುಹೋಗುತ್ತದೆ. ಆದರೆ ಅಲ್ಲಿಯ ಎಷ್ಟೋ ಮಂಟಪಗಳ ನೆಲದ ಮೇಲೆ ಕೊರೆದ ಗೆರೆಗಳಿವೆ, ಸಾಲುಸಾಲಾಗಿ ತೋಡಿದ ಪುಟ್ಟ ಗುಳಿಗಳಿವೆ. ಅವು ಆಟದ ಮನೆಗಳು. ಬಿಸಿಲು ಇಳಿಯುವ ತನಕ ನೆರಳಿನಲ್ಲಿ ಕುಳಿತ ಕಾವಲಿನವರೋ, ವರ್ತಕರೋ, ಯಾತ್ರಿಕರೋ ಹರಳುಗಳನ್ನಿಟ್ಟು ಆಡಿರಬೇಕು.

ಹೊಸಪೇಟೆಯ ಒಂದು ಸಂಸಾರ ಭಾನುವಾರದ ದಿನ ಅಂಥ ಮಂಟಪವೊಂದರಲ್ಲಿ ಬುತ್ತಿ ಬಿಚ್ಚಿದೆ ಎಂದಿಟ್ಟುಕೊಳ್ಳಬಹುದು. ಹತ್ತನೆಯ ತರಗತಿಯ ಹುಡುಗ ಕಂಬಕ್ಕೊರಗಿ ಮೊಬೈಲಿನ ಆಟದಲ್ಲಿ ಮುಳುಗಿದ್ದಾನೆ. ಅವನದು ನಾಲ್ವರ ತಂಡ: ಇಬ್ಬರು ಹೊಸಪೇಟೆಯವರು, ಒಬ್ಬ ಸಂಡೂರಿನವನು, ಇನ್ನೊಬ್ಬ ಕಂಪ್ಲಿಯವನು. ಪರೀಕ್ಷೆ ಹತ್ತಿರ ಬಂದಿದೆ. ತಂದೆಯ ತಾಳ್ಮೆ ತೀರಿದೆ.

“ಈ ಆಟದಿಂದ ನಾಳೆ ಹೊಟ್ಟೆ ತುಂಬುತ್ತದೆಯೇನೋ?”

“ಏಷ್ಯನ್ ಕ್ರೀಡಾಕೂಟದಲ್ಲಿ ಇದಕ್ಕೂ ಪದಕ ಕೊಡುತ್ತಾರೆ, ಅಪ್ಪಾ.”

ತಂದೆ ಇದನ್ನು ಉದ್ಧಟತನವೆಂದೇ ತಿಳಿದರು. ಆದರೆ ಹುಡುಗನ ಮಾತು ಸುಳ್ಳಲ್ಲ.

೨೦೧೮ರಲ್ಲಿ ಇಂಡೋನೇಷ್ಯದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್ ಎಂಬ ಈ ಸ್ಪರ್ಧೆಗೆ ಪ್ರದರ್ಶನದ ಸ್ಥಾನ ಮಾತ್ರ ಇತ್ತು. ಅಲ್ಲಿ ತೀರ್ಥ್ ಮೆಹ್ತಾ ‘ಹಾರ್ತ್‌ಸ್ಟೋನ್’ ಎಂಬ ಆಟದಲ್ಲಿ ಕಂಚನ್ನು ಗೆದ್ದರೂ ಅದು ದೇಶದ ಪದಕಗಳ ಲೆಕ್ಕಕ್ಕೆ ಸೇರಲಿಲ್ಲ. ೨೦೨೨ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಜರುಗಿದ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಸ್ಪರ್ಧೆಯಲ್ಲಿ ಭಾರತದ ‘ಡೋಟಾ ೨’ ತಂಡ ನ್ಯೂಜಿಲೆಂಡನ್ನು ಸೋಲಿಸಿ ಕಂಚು ತಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತ ಸರ್ಕಾರ, ಬಹುಕ್ರೀಡಾ ಕೂಟಗಳ ಅಂಗವಾದ ಇ-ಸ್ಪೋರ್ಟ್ಸನ್ನು ಕ್ರೀಡಾ ಇಲಾಖೆಯ ಹೊಣೆಗೆ ಒಪ್ಪಿಸಿತು. ೨೦೨೩ರಲ್ಲಿ ಚೀನದ ಹಾಂಗ್‌ಝೌ ನಗರದಲ್ಲಿ ಏಳು ಆಟಗಳಿಗೆ ನಿಜವಾದ ಪದಕಗಳೇ ದೊರೆತವು. ಚೀನ ನಾಲ್ಕು ಚಿನ್ನಗಳನ್ನೂ, ದಕ್ಷಿಣ ಕೊರಿಯ ಎರಡನ್ನೂ, ಥಾಯ್ಲೆಂಡ್ ಒಂದನ್ನೂ ಪಡೆದವು. ಕೊರಿಯದ ಕಿಮ್ ಗ್ವಾನ್-ವೂ ‘ಸ್ಟ್ರೀಟ್ ಫೈಟರ್’ ಆಟದಲ್ಲಿ ಚಿನ್ನ ಗೆದ್ದಾಗ ಅವರ ವಯಸ್ಸು ೪೪. ಇದು ಎಳೆಯರ ಹುಚ್ಚು ಎನ್ನುವವರು ಇದನ್ನು ನೆನೆಯಬೇಕು. ಕೊರಿಯದ ಗಂಡಸರು ಕಡ್ಡಾಯವಾಗಿ ಸೈನ್ಯದಲ್ಲಿ ಸೇವೆ ಸಲ್ಲಿಸಬೇಕಾದವರು. ಏಷ್ಯನ್ ಕೂಟದ ಚಿನ್ನ ಅವರಿಗೆ ಆ ಸೇವೆಯಿಂದ ವಿನಾಯಿತಿ ಕೊಡುತ್ತದೆ. ಹಾಂಗ್‌ಝೌನಲ್ಲಿ ‘ಲೀಗ್ ಆಫ್ ಲೆಜೆಂಡ್ಸ್’ ಗೆದ್ದ ತಂಡಕ್ಕೂ ಆ ಮರ್ಯಾದೆ ಸಂದಿತು.

ಆ ಕೂಟಕ್ಕೆ ಭಾರತ ಕಳುಹಿಸಿದ ಇ-ಸ್ಪೋರ್ಟ್ಸ್ ಆಟಗಾರರು ೧೫ ಮಂದಿ. ‘ಲೀಗ್ ಆಫ್ ಲೆಜೆಂಡ್ಸ್’ ತಂಡ ಕ್ವಾರ್ಟರ್ ಫೈನಲಿನಲ್ಲಿ ವಿಯೆಟ್ನಾಮಿಗೆ ಸೋತಿತು. ಆ ಸಲ ಭಾರತ ಒಟ್ಟು ೧೦೭ ಪದಕಗಳನ್ನು ಗೆದ್ದರೂ ಇವರ ಪಾಲಿಗೆ ಒಂದೂ ಬರಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದರೂ ಇವರು ದೇಶದ ಅಂಗಿ ತೊಟ್ಟು ಆಡಿ ಬಂದವರೇ.

ಆಟಕ್ಕೆ ಅರಸು ಮನ್ನಣೆ ಕೊಡುವುದು ಹಂಪೆಗೆ ಹೊಸದಲ್ಲ. ೧೫೨೦ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಮಹಾನವಮಿಯ ಸಂಭ್ರಮದಲ್ಲಿ ಮಲ್ಲರ ಕಾಳಗವನ್ನು ಕಂಡು ಬರೆದಿಟ್ಟಿದ್ದಾನೆ. ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಆ ಮಲ್ಲರು ಇಂದಿಗೂ ಸೆಣಸುತ್ತಿದ್ದಾರೆ. ದೊರೆಯ ಮುಂದೆ ಆಡಿದ್ದು ದಿಬ್ಬದ ಮೇಲೆ ಮೂಡಿತು. ಜನ ತಮ್ಮಷ್ಟಕ್ಕೆ ಆಡಿದ್ದು ಮಂಟಪದ ನೆಲದಲ್ಲಿ ಉಳಿಯಿತು. ನೆಲದ ಆಟವೂ ದಿಬ್ಬವನ್ನೇರುವ ಕಾಲ ಈಗ ಬಂದಿದೆ.

ಆದರೂ ತಂದೆಯ ಆತಂಕವನ್ನು ತಳ್ಳಿಹಾಕುವಂತಿಲ್ಲ. ಮಂಟಪದ ಆಟಕ್ಕೂ ಮೊಬೈಲಿನ ಆಟಕ್ಕೂ ಒಂದು ದೊಡ್ಡ ಅಂತರವಿದೆ. ಕಲ್ಲಿನ ಮೇಲಿನ ಮನೆಗೆ ಒಡೆಯನಿಲ್ಲ. ಹರಳು ಹೆಕ್ಕಿ ತಂದವರೆಲ್ಲ ಆಡಬಹುದು. ಗಾಜಿನ ಮೇಲಿನ ಆಟಕ್ಕೆ ಒಡೆಯನಿದ್ದಾನೆ. ಜಕಾರ್ತದಲ್ಲಿ ಭಾರತಕ್ಕೆ ಕಂಚು ತಂದಿತ್ತ ಹಾರ್ತ್‌ಸ್ಟೋನ್ ಆಟವನ್ನು ಹಾಂಗ್‌ಝೌ ಕೂಟದ ಪಟ್ಟಿಯಿಂದ ಕೈಬಿಡಲಾಯಿತು. ಅದನ್ನು ತಯಾರಿಸುವ ಅಮೆರಿಕದ ಕಂಪನಿಗೂ ಚೀನದಲ್ಲಿ ನಡೆಸುತ್ತಿದ್ದ ಕಂಪನಿಗೂ ಇದ್ದ ಒಪ್ಪಂದ ೨೦೨೩ರ ಜನವರಿಯಲ್ಲಿ ಮುಗಿದುಹೋಗಿತ್ತು. ಆಟಗಾರರ ವರ್ಷಗಳ ಸಾಧನೆ ಇಬ್ಬರು ವ್ಯಾಪಾರಿಗಳ ಮನಸ್ತಾಪಕ್ಕೆ ಬಲಿಯಾಯಿತು. ಕುಸ್ತಿಯನ್ನು ಹೀಗೆ ಯಾರೂ ಮುಚ್ಚಲಾರರು.

ಇನ್ನೊಂದು ಭಯ ಪಣದ್ದು. ಧರ್ಮರಾಯನನ್ನು ಕೆಡಿಸಿದ್ದು ಪಗಡೆಯ ಹಾಸಲ್ಲ, ಅದರ ಮೇಲಿಟ್ಟ ಪಣ. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯಿದೆ ಈ ಭೇದವನ್ನೇ ಮಾಡಿತು: ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸನ್ನು ಬೇರೆಯಾಗಿ ಮಾನ್ಯ ಮಾಡಿತು. ಮೂರನೆಯ ಭಯ ಮಿತಿಯದು. ಊಟ, ನಿದ್ದೆ, ಓದುಗಳನ್ನೆಲ್ಲ ನುಂಗುವ ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಿಂದ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ.

ಕಂಪ್ಲಿಯ ಸೀಮೆಯವರಿಗೆ ಕುಮಾರರಾಮನ ಕಥೆ ಗೊತ್ತು. ಗೆಳೆಯರೊಡನೆ ಆಡುವಾಗ ಚೆಂಡು ರತ್ನಾಜಿಯ ಅರಮನೆಯಲ್ಲಿ ಬಿತ್ತು. ಅದನ್ನು ತರಲು ಹೋದದ್ದೇ ಅನರ್ಥಕ್ಕೆ ಮೊದಲಾಯಿತು. ತಪ್ಪು ಚೆಂಡಿನದಲ್ಲ, ಚೆಂಡಾಟದ್ದೂ ಅಲ್ಲ. ಮಕ್ಕಳ ಚೆಂಡು ಯಾರ ಅಂಗಳದಲ್ಲಿ ಬೀಳುತ್ತಿದೆ ಎಂಬುದನ್ನು ಹಿರಿಯರು ತಿಳಿದಿರಬೇಕು. ತಿಳಿಯಬೇಕಾದರೆ ಬೈಗುಳ ಬಿಟ್ಟು ವಿಚಾರಿಸಬೇಕು: ಯಾರೊಡನೆ ಆಡುತ್ತೀಯೆ? ಎಷ್ಟು ಹೊತ್ತು? ದುಡ್ಡಿನ ಮಾತೇನಾದರೂ ಇದೆಯೆ?

ಇಷ್ಟರಲ್ಲಿ ಮಂಟಪದಲ್ಲಿ ಅಜ್ಜ ಪಂಚೆಯ ಸೆರಗಿನಿಂದ ನೆಲದ ಧೂಳನ್ನು ಒರೆಸಿದ್ದರು. ತ್ರಿಕೋನವೂ ಅಡ್ಡಗೆರೆಗಳೂ ಕಾಣಿಸಿಕೊಂಡವು.

“ಹುಲಿ-ಕುರಿ ಆಟ ಕಣೋ. ಹುಲಿ ಮೂರು, ಕುರಿ ಹದಿನೈದು. ಹುಲಿಗೆ ಹಲ್ಲಿದೆ, ಕುರಿಗೆ ಒಗ್ಗಟ್ಟಿದೆ. ಹುಲಿಯ ಕಡೆ ನಿಮ್ಮಪ್ಪ ಆಡಲಿ, ಕುರಿಗಳು ನಿನ್ನವು.”

ಹುಡುಗ ಮೊಬೈಲನ್ನು ಜೇಬಿಗಿಳಿಸಿ ಹರಳುಗಳನ್ನು ಆರಿಸಿ ತಂದ. ಮೂರನೆಯ ನಡೆಯಲ್ಲಿಯೇ ಅವನು ಮುಂದಿಟ್ಟ ಕುರಿಯ ಹಿಂದಿನ ಮನೆ ಬರಿದಾಗಿತ್ತು. ತಂದೆಯ ಹುಲಿ ಹಾರಿ ಅದನ್ನು ತಿಂದಿತು.

“ಹಿಂದೆ ಆಸರೆಯಿಲ್ಲದೆ ಒಂಟಿಯಾಗಿ ನುಗ್ಗಿದರೆ ಹೀಗೆಯೇ” ಎಂದರು ಅಜ್ಜ.

“ನಮ್ಮ ತಂಡದ ಸಂಡೂರಿನವನೂ ದಿನಾ ಇದನ್ನೇ ಮಾಡುತ್ತಾನೆ, ತಾತಾ. ಅವನಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ.”

ತಂದೆಗೆ ನಗು ಬಂತು. ತಿಂದ ಕುರಿಯನ್ನು ಪಕ್ಕಕ್ಕಿಡುತ್ತ ಅವರು ಮಗನನ್ನು ಆಟದ ವಿಷಯವಾಗಿ ಮೊದಲ ಸಲ ಒಂದು ಮಾತು ಕೇಳಿದರು:

“ಹಾಗಾದರೆ ಆ ತಂಡದಲ್ಲಿ ನಿನ್ನ ಕೆಲಸವೇನೋ?”